ಕಂಟ್ರೋಲಾ, ಮ್ಯಾನೇಜಾ, ಹ್ಯಾಂಡಲಾ? ಇಂಗ್ಲಿಷಲ್ಲಿ ಯಾವ್ದನ್ನ ಎಲ್ಲಿ ಹಾಕ್ಬೇಕು

ಕಂಟ್ರೋಲ್ ಅನ್ನೋದು ಇಂಗ್ಲಿಷ್ ಪದ ಅಂತ ನಮ್ಮ ದಾವಣಗೆರೇಲಿ ಯಾರಿಗೂ ನೆನಪೇ ಇಲ್ಲ. ಶುಗರ್ ಕಂಟ್ರೋಲ್‌ನಾಗೆ ಐತಾ ಅಂತ ಕೇಳ್ತೀವಿ, ಹುಡುಗ ಕಂಟ್ರೋಲಿಗೇ ಸಿಗ್ತಿಲ್ಲ ಅಂತೀವಿ, ಪಿಬಿ ರೋಡಲ್ಲಿ ಲಾರಿ ಕಂಟ್ರೋಲ್ ತಪ್ಪಿ ಡಿವೈಡರಿಗೆ ಗುದ್ತಂತೆ ಅಂತೀವಿ, ಬೆಣ್ಣೆ ದೋಸೆ ಮುಂದೆ ಕೂತು ಮೂರನೇದಕ್ಕೆ ಕೈ ಹಾಕೋವಾಗ ಕಂಟ್ರೋಲ್ ಆಗ್ತಿಲ್ಲ ಮಾರಾಯ ಅಂತೀವಿ. ನಮ್ಮಜ್ಜಿ ಅಂತೂ ರೇಶನ್ ಅಂಗಡಿಗೆ ಕೊನೇವರ್ಗೂ ಕಂಟ್ರೋಲ್ ಅಂಗಡಿ ಅಂತಲೇ ಅಂತಿದ್ಲು, ಎರಡನೇ ಮಹಾಯುದ್ಧದ ಟೈಮಲ್ಲಿ ಸರ್ಕಾರ ಕಾಳುಕಡಿ ಬಟ್ಟೆಬರೆ ರೇಟು ಕಟ್ಟಿಹಾಕಿ ಅಳತೆ ಮೇಲೆ ಹಂಚೋಕೆ ಶುರು ಮಾಡ್ತಲ್ಲ, ಅವಾಗ ಅಂಟಿಕೊಂಡ ಹೆಸರು.

ಇಷ್ಟು ಒಗ್ಗಿಹೋಗಿರೋದೇ ತೊಂದ್ರೆ. ಕನ್ನಡದ ಕಂಟ್ರೋಲ್ ಬೇರೆ, ಇಂಗ್ಲಿಷಿನ ಕಂಟ್ರೋಲ್ ಬೇರೆ. ನಾವು ಒಂದೇ ಚೀಲಕ್ಕೆ ತುಂಬಿರೋದನ್ನ ಅವ್ರು ಏಳೆಂಟು ಡಬ್ಬೀಲಿ ಬೇರೆ ಬೇರೆ ಇಟ್ಟಿದಾರೆ. ಇದು ನನಗೆ ಗೊತ್ತಾಗಿದ್ದು ಮರ್ಯಾದೆ ಕಳ್ಕೊಂಡ ಮೇಲೆ. ನಾನಿಲ್ಲಿ ಒಂದು ಸಣ್ಣ ಗಾರ್ಮೆಂಟ್ಸಲ್ಲಿ ಸೂಪರ್‌ವೈಸರ್ ಆಗಿದ್ದೆ, ಕೈಕೆಳಗೆ 12 ಜನ ಟೈಲರುಗಳು, ಅಲ್ಲಿಂದ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದಾಗ ಏನ್ ಕೆಲ್ಸ ಮಾಡ್ತಿದ್ರಿ ಅಂತ ಕೇಳಿದ್ರು, ನಾನು ಎದೆ ಉಬ್ಬಿಸ್ಕೊಂಡು 'ಐ ವಾಸ್ ಕಂಟ್ರೋಲಿಂಗ್ ಟ್ವೆಲ್ವ್ ಪೀಪಲ್' ಅಂದೆ. ಎದುರಿಗಿದ್ದ ಮೇಡಂ ಪೆನ್ನು ಕೆಳಗಿಟ್ಟು 'ವೈ, ವರ್ ದೇ ಟ್ರೈಯಿಂಗ್ ಟು ಎಸ್ಕೇಪ್?' ಅಂದ್ರು. ಪಕ್ಕದಾಗಿದ್ದೋರು ನಕ್ಕರು, ನಾನೂ ನಕ್ಕೆ, ಯಾಕೆ ನಗ್ತಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ. ವಾಪಸ್ಸು ಬರೋವಾಗ ಚಿತ್ರದುರ್ಗ ದಾಟಿದ ಮೇಲೆ ಬಸ್ಸಲ್ಲಿ ತಲೆಗೆ ಹೋಯ್ತು, ಅಲ್ಲಿ ಮ್ಯಾನೇಜ್ ಬರ್ಬೇಕಿತ್ತು ಅಂತ.

ಈಗ ವಿದ್ಯಾನಗರದಾಗೆ ಒಂದು ಮೆಡಿಕಲ್ ಶಾಪ್ ಮೇಲಿನ ರೂಮಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳ್ಕೊಡ್ತೀನಿ, ವಾರಕ್ಕೆ ಒಬ್ಬರಾದ್ರೂ ಇದೇ ಗುಂಡೀಲಿ ಬೀಳ್ತಾರೆ. ಅವ್ರಿಗೆ ಹೇಳೋ ಉಪಾಯ ಒಂದೇ: ಇಂಗ್ಲಿಷ್ ಹುಡುಕೋಕೆ ಮುಂಚೆ ವಾಕ್ಯದಿಂದ ಕಂಟ್ರೋಲ್ ಅನ್ನೋದನ್ನ ತೆಗೆದು ಅಲ್ಲಿಗೆ ಶುದ್ಧ ನಮ್ಮ ಮಾತು ಯಾವ್ದು ಬರುತ್ತೆ ನೋಡ್ರಿ. ನಮ್ಮತ್ರ ಏನ್ ಕಮ್ಮಿ ಅದಾವಾ, ಹಿಡಿತ, ಹತೋಟಿ, ಅಂಕೆ, ಲಗಾಮು, ಕಡಿವಾಣ, ಮೂಗುದಾರ, ಹದ್ದುಬಸ್ತು, ಸಂಭಾಳಿಸು, ನಿಭಾಯಿಸು, ತಡಿ, ಕಟ್ಟಿಹಾಕು. ಕನ್ನಡದಲ್ಲಿ ಸರಿಯಾದ್ದು ಸಿಕ್ಕಿದ್ರೆ ಇಂಗ್ಲಿಷಲ್ಲಿ ಮುಕ್ಕಾಲು ದಾರಿ ಸಾಗ್ತು ಅಂತ ಲೆಕ್ಕ.

ಮೊದ್ಲು ಕಂಟ್ರೋಲ್ ಅನ್ನೋದರ ಬೇರು ನೋಡೋಣ, ಮಜಾ ಐತೆ. ಇದು ಕುದುರೆಯಿಂದಲೂ ಬಂದಿಲ್ಲ ಕತ್ತಿಯಿಂದಲೂ ಬಂದಿಲ್ಲ, ಲೆಕ್ಕದ ಪುಸ್ತಕದಿಂದ ಬಂದಿರೋದು. ಮಧ್ಯಕಾಲದ ಲ್ಯಾಟಿನ್ನಲ್ಲಿ ಕಾಂಟ್ರಾ ರೋಟುಲುಸ್, ಅಂದ್ರೆ ಒಂದು ಲೆಕ್ಕದ ಸುರುಳಿ ಇರುತ್ತಲ್ಲ, ಅದಕ್ಕೆ ಎದುರಾಗಿ ಇಟ್ಟ ಇನ್ನೊಂದು ನಕಲು ಸುರುಳಿ, ಎರಡನ್ನೂ ತಾಳೆ ಹಾಕಿ ಖಜಾನೆಯವನು ತಿಂದಿದಾನಾ ಇಲ್ವಾ ಅಂತ ನೋಡೋಕೆ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಅದಕ್ಕೇ ಇವತ್ತಿಗೂ ಸಿಎಜಿ ಅಂತೀವಲ್ಲ, ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡೋ, ಸಂವಿಧಾನದ 148ನೇ ವಿಧಿಯ ಹುದ್ದೆ, ಅದರ ಪೂರ್ತಿ ಹೆಸರು ಶುರುವಾಗೋದು ಕಂಟ್ರೋಲರ್ ಅಂತ, ಬರೆಯೋವಾಗ ಮಾತ್ರ ನಡುವೆ ಒಂದು ಪಿ ತೂರಿಸ್ತಾರೆ. ಆ ಪಿ ಯಾರದೋ ತಪ್ಪು ತಿಳುವಳಿಕೆ, ಫ್ರೆಂಚಲ್ಲಿ ಲೆಕ್ಕಕ್ಕೆ ಇರೋ ಪದದ ಜೊತೆ ಗಂಟು ಹಾಕಿ ಹಳೇ ಗುಮಾಸ್ತರು ಹಂಗೆ ಬರೆದ್ರು, ಉಳ್ಕೊಂಡ್ಬಿಡ್ತು.

ನಮ್ಮ ಹದ್ದುಬಸ್ತೂ ಹಂಗೇ ಸರ್ಕಾರಿ ಕಾಗದದಿಂದ ಎದ್ದು ಬಂದ ಮಾತು. ಹದ್ದು ಅಂದ್ರೆ ಗಡಿ, ಬಸ್ತು ಅಂದ್ರೆ ಕಟ್ಟಿದ್ದು. ಹೊಲದ ಬಾಂದು ಜಗಳ ಆದ್ರೆ ಇವತ್ತಿಗೂ ತಾಲ್ಲೂಕಾಫೀಸಲ್ಲಿ ಹದ್ದುಬಸ್ತು ಅಳತೆಗೆ ಅರ್ಜಿ ಹಾಕ್ತೀವಿ, ಅದೇ ಪದ ಮನೇಲಿ ಮಗನ್ನ ಹದ್ದುಬಸ್ತಿನಾಗೆ ಇಡು ಅಂತ ಆಗೈತೆ. ಇಂಗ್ಲಿಷರದ್ದು ಅಕೌಂಟ್ಸ್ ಸೆಕ್ಷನ್, ನಮ್ಮದು ಸರ್ವೇ ಸೆಕ್ಷನ್, ಅಷ್ಟೇ ವ್ಯತ್ಯಾಸ.

ಹಂಗಾಗಿ ಕಂಟ್ರೋಲ್ ಅಂದ್ರೆ ಒಳಗೆ ಏನಿರುತ್ತೆ ಅಂದ್ರೆ, ಮೇಲೆ ಒಬ್ಬ ಇದಾನೆ, ಅವನು ಹೇಳಿದಂಗೆ ಕೆಳಗಿರೋದು ನಡೀಬೇಕು, ಕೆಳಗಿರೋದಕ್ಕೆ ಸ್ವಂತ ಮಾತಿಲ್ಲ. ಮೆಷಿನ್ನು, ಖರ್ಚು, ಉಷ್ಣಾಂಶ, ಬೆಲೆ, ವಾಲ್ವು, ಇವಕ್ಕೆಲ್ಲ ಕಂಟ್ರೋಲ್ ಚೆನ್ನಾಗಿ ಕೂರುತ್ತೆ. ಮನುಷ್ಯರ ಮೇಲೆ ಹಾಕಿದ್ರೆ ಕಹಿ ಆಗುತ್ತೆ. ಇನ್ನೂ ಕಹಿ ಅಂದ್ರೆ ಕಂಟ್ರೋಲಿಂಗ್ ಅನ್ನೋದನ್ನ ಗುಣದ ಥರ ಹೇಳೋದು, 'ಶಿ ಹ್ಯಾಸ್ ಎ ಕಂಟ್ರೋಲಿಂಗ್ ಹಸ್ಬೆಂಡ್' ಅಂದ್ರೆ ಜವಾಬ್ದಾರಿ ಇರೋ ಗಂಡ ಅಂತ ಅಲ್ಲ ಕಣ್ರಿ, ಹೆಂಡ್ತಿ ಫೋನು ದುಡ್ಡು ಓಡಾಟ ಎಲ್ಲದಕ್ಕೂ ಕಾವಲು ಕೂರೋನು ಅಂತ. ನನ್ನ ಸ್ಟೂಡೆಂಟ್ ಒಬ್ಬಳು ತನ್ನ ಅಪ್ಪಾಜಿ ಬಗ್ಗೆ ಹೊಗಳ್ತಾ ಹೇಳೋಕೆ ಹೋಗಿ ಈ ಪದ ಬಳಸಿದ್ಲು, ಆಯಮ್ಮ ಹೇಳಬೇಕಂದಿದ್ದು ಶಿಸ್ತು ಅಂತ, ಅದಕ್ಕೆ ಸ್ಟ್ರಿಕ್ಟ್ ಸಾಕಿತ್ತು.

ಮ್ಯಾನೇಜ್ ಅಂದ್ರೆ ಸಂಭಾಳಿಸೋದು. ಇದರ ಬೇರು ಇಟಾಲಿಯನ್ನಿನ ಮನೆಜ್ಜಾರೆ, ಕುದುರೆ ಪಳಗಿಸೋರ ಮಾತು, ಅದರ ಹಿಂದೆ ಲ್ಯಾಟಿನ್ನಿನ ಮಾನುಸ್ ಅಂದ್ರೆ ಕೈ. ಕುದುರೆಗೂ ಒಂದು ಮನಸ್ಸೈತೆ ಅಂತ ಒಪ್ಪಿಕೊಂಡು ನಡೆಸೋದು, ಅದಕ್ಕೇ ಮನುಷ್ಯರಿಗೂ ಸಂಸಾರಕ್ಕೂ ಟೈಮಿಗೂ ಅಂಗಡಿಗೂ ಇದು ಹೊಂದುತ್ತೆ.

ಇವೆರಡರ ವ್ಯತ್ಯಾಸ ನಮ್ಮ ಕಡೆಯೋರಿಗೆ ಮೆಕ್ಕೆಜೋಳದಲ್ಲಿ ಹೇಳಿದ್ರೆ ಥಟ್ ಅಂತ ಹತ್ತುತ್ತೆ. 2018ರಲ್ಲಿ ಫಾಲ್ ಸೈನಿಕ ಹುಳು ಇಂಡಿಯಾದಲ್ಲೇ ಮೊದ್ಲು ಕಾಣಿಸ್ಕೊಂಡಿದ್ದು ಪಕ್ಕದ ಶಿವಮೊಗ್ಗದಾಗೆ, ಅಲ್ಲಿಂದ ನಮ್ಮ ಮೆಕ್ಕೆಜೋಳದ ಸುಳಿಗೆ ಇಳೀತು. ಹಳೇ ಕಾಲದ ಕೃಷಿ ಪುಸ್ತಕದಲ್ಲಿ ಕೀಟ ಹತೋಟಿ ಅಂತಿರುತ್ತೆ, ಪೆಸ್ಟ್ ಕಂಟ್ರೋಲ್, ಅಂದ್ರೆ ಹೊಡಿ, ಸಾಯಿಸು, ಮುಗೀತು. ಈಗ ಕೃಷಿ ವಿಜ್ಞಾನ ಕೇಂದ್ರದೋರ ಕೈಪಿಡಿ ತೆಗೀರಿ, ಸಮಗ್ರ ಪೀಡೆ ನಿರ್ವಹಣೆ ಅಂತಿರುತ್ತೆ, ಪೆಸ್ಟ್ ಮ್ಯಾನೇಜ್ಮೆಂಟ್. ಪದ ಬದಲಾಗಿದ್ದು ಸುಮ್ನೆ ಸ್ಟೈಲಿಗಲ್ಲ. ಹುಳ ಪೂರ್ತಿ ಹೋಗಲ್ಲ ಅಂತ ಒಪ್ಪಿಕೊಂಡು, ಮೋಹಕ ಬಲೆ ಇಡು, ಮೊಟ್ಟೆ ಗುಂಪು ಹಿಸುಕು, ಮಿತ್ರಕೀಟ ಉಳಿಸು, ನಷ್ಟದ ಮಟ್ಟ ದಾಟಿದ್ರೆ ಮಾತ್ರ ಔಷಧಿ ಹೊಡಿ, ಹಿಂಗೆ ಅದರ ಜೊತೇನೇ ಬಾಳ್ವೆ ಮಾಡೋದು. ಗೆದ್ದು ಮುಗಿಸೋದು ಕಂಟ್ರೋಲ್, ಇಟ್ಕೊಂಡೇ ನಡೆಸೋದು ಮ್ಯಾನೇಜ್.

ಇದನ್ನೇ ಶುಗರಿಗೆ ಹಾಕ್ರಿ. ಡಾಕ್ಟ್ರು ಇಂಗ್ಲಿಷಲ್ಲಿ ಬರೆಯೋದು ನೋಡಿದ್ರೆ ಶುಗರ್ ಲೆವೆಲ್ಲಿಗೆ ಕಂಟ್ರೋಲ್, ಡಯಾಬಿಟಿಸ್ ಅನ್ನೋ ಕಾಯಿಲೆಗೆ ಮ್ಯಾನೇಜ್. ನಂಬರ್ರು ಕೈಗೆ ಸಿಗುತ್ತೆ, ಮಾತ್ರೆ ಜಾಸ್ತಿ ಮಾಡಿದ್ರೆ ಇಳಿಯುತ್ತೆ, ಅದು ಕಂಟ್ರೋಲ್. ಕಾಯಿಲೆ ಜೀವನಪೂರ್ತಿ ಜೊತೇಲಿರುತ್ತೆ, ಊಟ ವಾಕಿಂಗು ನಿದ್ದೆ ಕಣ್ಣಿನ ಚೆಕಪ್ಪು ಎಲ್ಲ ಸೇರಿ ನಿಭಾಯಿಸೋದು, ಅದು ಮ್ಯಾನೇಜ್.

ಜೋಳದ ಮಾತು ಬಂತಲ್ಲ, ಒಂದು ತಮಾಷೆ ಹೇಳ್ಬಿಡ್ತೀನಿ. ಪ್ರಯೋಗದ ತಾಕಿನಲ್ಲಿ ಕಂಟ್ರೋಲ್ ಪ್ಲಾಟ್ ಅಂತ ಬೋರ್ಡ್ ಇರುತ್ತೆ. ಚನ್ನಗಿರಿ ಕಡೆಯ ನಮ್ಮ ಸೋದರಮಾವ ಅದನ್ನ ನೋಡಿ ಏನಪ್ಪಾ ಇದು, ರೋಗ ಕಂಟ್ರೋಲ್ ಮಾಡಿದೀವಿ ಅಂತ ಬೋರ್ಡ್ ಹಾಕಿದಾರೆ, ಇದರಾಗೇ ಎಲ್ಲದಕ್ಕಿಂತ ಜಾಸ್ತಿ ಹುಳ ಐತಲ್ಲ ಅಂತ ಬೈದಿದ್ರು. ಮಾವನ ತಪ್ಪಿಲ್ಲ. ವಿಜ್ಞಾನದ ಇಂಗ್ಲಿಷಲ್ಲಿ ಕಂಟ್ರೋಲ್ ಅಂದ್ರೆ ಏನೂ ಹೊಡೀದೆ ಹಂಗೇ ಬಿಟ್ಟಿದ್ದು, ಔಷಧಿ ಹೊಡೆದ ತಾಕನ್ನ ಇದರ ಎದುರಿಗಿಟ್ಟು ತಾಳೆ ನೋಡೋಕೆ. ಎದುರು ಸುರುಳಿ ಅಂದೆನಲ್ಲ ಮೇಲೆ, ಅದೇ ಹಳೇ ಅರ್ಥ ಇಲ್ಲಿ ಜೀವಂತ ಐತೆ.

ಮ್ಯಾನೇಜಿಗೆ ಇನ್ನೊಂದು ಶಕ್ತಿ ಐತೆ, ಕಂಟ್ರೋಲಿಗೆ ಅದು ಇಲ್ಲವೇ ಇಲ್ಲ. ನಮ್ಮ 'ಹೆಂಗೋ' ಅನ್ನೋದು ಇಂಗ್ಲಿಷಲ್ಲಿ ಕೂರೋದು ಮ್ಯಾನೇಜ್ ಟು ಅನ್ನೋದರಲ್ಲಿ. ಹೆಂಗೋ ಸೀಟ್ ಸಿಕ್ತು, 'ಐ ಮ್ಯಾನೇಜ್ಡ್ ಟು ಗೆಟ್ ಎ ಸೀಟ್'. ಹೆಂಗೋ ಮಾಡ್ಕೊಂತೀನಿ ಬಿಡ್ರಿ, 'ಐ ವಿಲ್ ಮ್ಯಾನೇಜ್', ಮುಗೀತು, ಮುಂದೆ ಏನೂ ಬೇಡ. ಆದ್ರೆ ನಮ್ಮೂರಲ್ಲಿ ಆಫೀಸರ್ನ ಮ್ಯಾನೇಜ್ ಮಾಡಿದೀವಿ ಅಂದ್ರೆ ಏನರ್ಥ ಅಂತ ನಿಮಗೂ ಗೊತ್ತು ನನಗೂ ಗೊತ್ತು, ಆ ಅರ್ಥ ಇಂಗ್ಲಿಷಿನೋರಿಗೆ ಹೋಗಲ್ಲ, ಅವ್ರು ನೀವೇ ಆ ಆಫೀಸರಿಗೆ ಬಾಸು ಅಂದ್ಕೊಂಡು ನಮಸ್ಕಾರ ಹೊಡೀತಾರೆ.

ಹ್ಯಾಂಡಲ್ಲು ಚಿಕ್ಕ ಅಳತೆದು. ಬಟ್ಟೆ ಅಂಗಡೀಲಿ ಸೀರೆ ಬಣ್ಣ ಬಿಡ್ತು ಅಂತ ಜಗಳಕ್ಕೆ ಬಂದ ಒಬ್ಬಮ್ಮನ್ನ ಸಮಾಧಾನ ಮಾಡಿ ಕಳಿಸೋದು ಹ್ಯಾಂಡಲ್, ಅಂಗಡಿ ವರ್ಷಪೂರ್ತಿ ನಡೆಸೋದು ಮ್ಯಾನೇಜ್, ಕರೆಂಟ್ ಬಿಲ್ಲು ಕಮ್ಮಿ ಇಡೋದು ಕಂಟ್ರೋಲ್. ಹ್ಯಾಂಡಲ್‌ನಾಗೂ ಕೈ ಐತೆ, ಆದ್ರೆ ಅದು ಆ ಹೊತ್ತಿಗೆ ಕೈಗೆ ಬಂದಿದ್ದನ್ನ ಒಡೆದು ಹಾಕ್ದೆ ಆಚೆ ದಾಟಿಸೋ ಕೈ. ಪಾರ್ಸಲ್ ಡಬ್ಬಿ ಮೇಲೆ ಹ್ಯಾಂಡಲ್ ವಿತ್ ಕೇರ್ ಅಂತ ಬರೀತಾರಲ್ಲ, ಅಲ್ಲಿ ಮ್ಯಾನೇಜ್ ವಿತ್ ಕೇರ್ ಅಂತ ಹಾಕಿ ನೋಡ್ರಿ, ಡಬ್ಬಿಗೆ ಸಂಬಳ ಕೊಡ್ಬೇಕೇನೋ ಅನ್ಸುತ್ತೆ.

ಈಗ ನಮ್ಮೋರು ಜಾಸ್ತಿ ಜಾರೋ ಜಾಗಕ್ಕೆ ಬರೋಣ, ಇದು ಗ್ರಾಮರು, ಆದ್ರೂ ಓಡಬ್ಯಾಡ್ರಿ. ಕಂಟ್ರೋಲ್ ಮಾಡ್ಕೊಳ್ಳೋಕೆ ಆಗ್ಲಿಲ್ಲ ಅನ್ನೋದನ್ನ 'ಐ ಕುಡ್ ನಾಟ್ ಕಂಟ್ರೋಲ್' ಅಂತ ಹೇಳಿ ಅಲ್ಲಿಗೇ ನಿಲ್ಲಿಸ್ತೀವಿ. ಇಂಗ್ಲಿಷ್ ಕಿವಿಗೆ ಇದು ಅರ್ಧ ವಾಕ್ಯ, ಏನನ್ನ ಕಂಟ್ರೋಲ್ ಮಾಡ್ಲಿಲ್ಲ ಅಂತ ಕಾಯ್ತಾರೆ, ಕೆಲವ್ರು ಪಾಪ ಬಾತ್‌ರೂಮ್ ಎಲ್ಲೈತೆ ಅಂತಲೂ ತೋರಿಸಿಬಿಡ್ತಾರೆ. ಯಾಕೆ ಹಿಂಗಾಗುತ್ತೆ ಅಂದ್ರೆ ಕನ್ನಡದಾಗೆ 'ಕೊಳ್ಳು' ಅನ್ನೋದು ಆ ಕೆಲ್ಸ ಮುಗಿಸಿಬಿಟ್ಟಿರುತ್ತೆ, ಮಾಡು ಅಂದ್ರೆ ಬೇರೆಯವ್ರಿಗೆ, ಮಾಡ್ಕೋ ಅಂದ್ರೆ ತನಗೆ. ಆ ಕೊಳ್ಳು ಇಂಗ್ಲಿಷಿಗೆ ಹೋಗೋವಾಗ ಮೈಸೆಲ್ಫ್ ಆಗಿ ಹೋಗ್ಬೇಕು. 'ಐ ಕುಡ್ ನಾಟ್ ಕಂಟ್ರೋಲ್ ಮೈಸೆಲ್ಫ್', ಇಲ್ಲಾಂದ್ರೆ ನಗು ಅಳು ಸಿಟ್ಟು ಯಾವ್ದು ಅಂತ ಹೆಸರು ಹಿಡಿದು ಹೇಳ್ಬೇಕು, 'ಮೈ ಟೆಂಪರ್', 'ಮೈ ಟಿಯರ್ಸ್'. ಇದೊಂದು ನೆನಪಿಟ್ಕೊಂಡ್ರೂ ಈ ಬರಹ ಓದಿದ್ದಕ್ಕೆ ಮೋಸ ಇಲ್ಲ. ಬೆಣ್ಣೆ ದೋಸೆಗಂತೂ ಕಂಟ್ರೋಲೇ ಬೇಡ, 'ಐ ಕಾಂಟ್ ರೆಸಿಸ್ಟ್ ಇಟ್' ಅನ್ರಿ, ಎಳೆಯೋದು ದೋಸೆ, ತಡ್ಕೊಳ್ಳೋಕಾಗದೇ ಇರೋದು ನಾವು.

ಎರಡನೇದು 'ಮೇಲೆ'. ಮಕ್ಕಳ ಮೇಲೆ ಕಂಟ್ರೋಲ್ ಇಲ್ಲ ಅಂತ ಕನ್ನಡದಾಗೆ ಯೋಚಿಸಿ 'ನೋ ಕಂಟ್ರೋಲ್ ಆನ್ ದ ಚಿಲ್ಡ್ರನ್' ಅಂತೀವಿ, ಅಲ್ಲಿ ಬರ್ಬೇಕಾದ್ದು ಓವರ್. ಅದೂ ಕಂಟ್ರೋಲ್ ಹೆಸರುಪದ ಆಗಿದ್ದಾಗ ಮಾತ್ರ, ಕ್ರಿಯಾಪದ ಆದ್ರೆ ಆನೂ ಬೇಡ ಓವರೂ ಬೇಡ, 'ಶಿ ಕಂಟ್ರೋಲ್ಸ್ ದ ಕ್ಲಾಸ್' ಅಷ್ಟೇ. ಹಂಗಂತ ಆನ್ ಯಾವಾಗ್ಲೂ ತಪ್ಪು ಅಂತಲ್ಲ. ಈರುಳ್ಳಿ ರಫ್ತಿಗೆ ಸರ್ಕಾರ ಕಟ್ಟುಪಾಡು ಹಾಕಿದ್ರೆ 'ಕಂಟ್ರೋಲ್ಸ್ ಆನ್ ಆನಿಯನ್ ಎಕ್ಸ್‌ಪೋರ್ಟ್ಸ್' ಅಂತ ಪೇಪರಲ್ಲಿ ಬರುತ್ತೆ, ಅಲ್ಲಿ ಅದು ಬಹುವಚನ, ಅರ್ಥ ನಿರ್ಬಂಧ. ಚಳ್ಳಕೆರೆ ಕಡೆ ಈರುಳ್ಳಿ ಬೆಳೆಯೋರು ಈ ಸಾಲನ್ನ ಓದಿರ್ತೀರಿ, ಬೈದೂ ಇರ್ತೀರಿ.

ಮೂರನೇದು ಲಾರಿ. ಲಾರಿ ಕಂಟ್ರೋಲ್ ತಪ್ತು ಅಂತ ನಾವು ಲಾರಿ ಮೇಲೆ ಹಾಕ್ತೀವಿ, ಅದನ್ನ ಹಂಗೇ 'ದ ಲಾರಿ ಲಾಸ್ಟ್ ಕಂಟ್ರೋಲ್' ಅಂತ ಬರೀತೀವಿ. ಕಂಟ್ರೋಲ್ ಇದ್ದಿದ್ದೇ ಡ್ರೈವರ್ ಹತ್ರ, ಕಳ್ಕೊಳ್ಳೋನೂ ಅವನೇ, 'ದ ಡ್ರೈವರ್ ಲಾಸ್ಟ್ ಕಂಟ್ರೋಲ್ ಆಫ್ ದ ಲಾರಿ'. ಲಾರಿಯಿಂದಲೇ ಶುರು ಮಾಡ್ಬೇಕು ಅಂದ್ರೆ 'ದ ಲಾರಿ ವೆಂಟ್ ಔಟ್ ಆಫ್ ಕಂಟ್ರೋಲ್'. ಇದರ ಜೊತೆ ಒಂದು ಸಣ್ಣ 'ದ' ಮಾಡೋ ಕಿತಾಪತಿ ನೋಡ್ರಿ. 'ಇನ್ ಕಂಟ್ರೋಲ್ ಆಫ್' ಅಂದ್ರೆ ಹಿಡಿತ ಇಟ್ಕೊಂಡಿರೋನು, 'ಇನ್ ದ ಕಂಟ್ರೋಲ್ ಆಫ್' ಅಂದ್ರೆ ಹಿಡಿತಕ್ಕೆ ಸಿಕ್ಕಿರೋನು. 'ದ' ಒಂದು ಸೇರಿದ್ರೆ ಕುದುರೆ ಮೇಲಿದ್ದೋನು ಕುದುರೆ ಕೆಳಗೆ. ಸೊಸೆ ಮನೆ ನಡೆಸ್ತಾಳೆ ಅಂತ ಹೊಗಳೋಕೆ ಹೋಗಿ ಇದನ್ನ ಉಲ್ಟಾ ಹೇಳಿದ್ರೆ ಮನೇಲಿ ಏನಾಗುತ್ತೋ ನಾನು ಹೊಣೆಯಲ್ಲ.

ರೆಗ್ಯುಲೇಟ್ ಅನ್ನೋದು ನಮಗೆ ಫ್ಯಾನಿನ ರೆಗ್ಯುಲೇಟರು ಗ್ಯಾಸಿನ ರೆಗ್ಯುಲೇಟರು ಅಂತ ಮನೇಲೇ ಐತೆ, ಆದ್ರೂ ಮಾತಲ್ಲಿ ಬಳಸಲ್ಲ. ಬೇರು ರೆಗುಲಾ, ಅಳತೆಪಟ್ಟಿ. ನಿಲ್ಲಿಸೋದಲ್ಲ, ಅಳತೆ ಪ್ರಕಾರ ಬಿಡೋದು. ಭದ್ರಾ ಬಲದಂಡೆ ನಾಲೆ ನೀರು ಅಚ್ಚುಕಟ್ಟಿನ ಕೊನೆಭಾಗದ ದಾವಣಗೆರೆ ಹೊಲಗಳಿಗೆ ಬರೋದು ಇಷ್ಟು ದಿನ ಬಿಡೋದು ಇಷ್ಟು ದಿನ ನಿಲ್ಲಿಸೋದು ಅನ್ನೋ ಆನ್ ಆಫ್ ಲೆಕ್ಕದ ಮೇಲೆ, ಅದು ರೆಗ್ಯುಲೇಟ್. ಗೇಟ್ ಹತ್ರ ನೀರು ಬಿಡೋ ಕೆಲ್ಸದ ಸೌಡಿ ಕೈಲಿ ಇರೋದು ಕಂಟ್ರೋಲ್. ಮೇಲ್ಭಾಗದೋರು ರಾತ್ರೋರಾತ್ರಿ ಪೈಪ್ ಇಟ್ಟು ಎಳೆದ್ರೆ ಎರಡೂ ಇಲ್ಲ, ಅದು ನಮ್ಮ ಹಳೇ ಗೋಳು ಬಿಡ್ರಿ.

ಡ್ಯಾಮ್ ವಿಷ್ಯದಲ್ಲೇ ಇನ್ನೊಂದು ಪದ ಜನರನ್ನ ಹೆದರಿಸುತ್ತೆ. ಹಿರಿಯೂರಿನ ವಾಣಿವಿಲಾಸ ಸಾಗರ, ಮಾರಿಕಣಿವೆ ಅಂತೀವಲ್ಲ, 1907ರಲ್ಲಿ ಕಟ್ಟಿ ಮುಗಿಸಿದ್ದು, ಅದು 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 89 ವರ್ಷ ಆದ್ಮೇಲೆ 2022ರಲ್ಲಿ. ಅವಾಗ ಊರೂರಿಂದ ಜನ ನೋಡೋಕೆ ಹೋಗಿದ್ರು, ನಾವೂ ಹೋಗಿದ್ವಿ. ಅಲ್ಲಿ ಕೋಡಿಗೆ ಗೇಟ್ ಇಲ್ಲ, 130 ಅಡಿ ದಾಟಿದ ನೀರು ತಾನೇ ಉಕ್ಕಿ ಹೋಗುತ್ತೆ. ಇಂಥ ಕೋಡಿಗೆ ಇಂಜಿನಿಯರುಗಳು ಇಂಗ್ಲಿಷಲ್ಲಿ ಅನ್‌ಕಂಟ್ರೋಲ್ಡ್ ಸ್ಪಿಲ್‌ವೇ ಅಂತಾರೆ. ಓದಿದೋರು ಅಯ್ಯೋ ಡ್ಯಾಮ್ ಕೈ ಮೀರೈತೆ ಅಂದ್ಕೊಂತಾರೆ. ಗೇಟ್ ಇಟ್ಟು ಎತ್ತಿ ಇಳಿಸೋ ವ್ಯವಸ್ಥೆ ಇಲ್ಲ ಅಂತಷ್ಟೇ ಅದರರ್ಥ. ಭದ್ರಾದಲ್ಲಿ ಗೇಟ್ ಅದಾವೆ, ಅದು ಕಂಟ್ರೋಲ್ಡ್. ಕೈ ಮೀರೈತೆ ಅನ್ನೋಕೆ ಔಟ್ ಆಫ್ ಕಂಟ್ರೋಲ್ ಅಂತ ಬೇರೆ ಇದ್ದೇ ಐತೆ.

ಹರಡ್ತಿರೋದನ್ನ, ಓಡ್ತಿರೋದನ್ನ ಹಿಡಿಯೋ ಪದಗಳದ್ದು ಇನ್ನೊಂದು ಗುಂಪು, ಇದರಾಗೆ ಚೆಕ್ ಅನ್ನೋದೇ ದೊಡ್ಡ ಕಳ್ಳ. ನಮಗೆ ಚೆಕ್ ಮಾಡು ಅಂದ್ರೆ ಪರೀಕ್ಷೆ ಮಾಡು, ಆದ್ರೆ ಇಂಗ್ಲಿಷ್ ಪೇಪರಲ್ಲಿ 'ಸ್ಟೆಪ್ಸ್ ಟು ಚೆಕ್ ಡೆಂಗ್ಯೂ' ಅಂದ್ರೆ ರಕ್ತ ಪರೀಕ್ಷೆ ಅಂತಲ್ಲ, ಡೆಂಗ್ಯೂಗೆ ಅಡ್ಡ ಹಾಕೋದು ಅಂತ. ಚೆಸ್ಸಲ್ಲಿ ಚೆಕ್ ಅಂತೀವಲ್ಲ ಅದೇ ಪದ, ಮೂಲ ಪರ್ಷಿಯನ್ನಿನ ಶಾ, ರಾಜ. ರಾಜನಿಗೆ ಅಡ್ಡ ಬಂದ್ರೆ ಆಟ ನಿಂತಂಗೇ. ನಾಯಕನಹಟ್ಟಿ ತೇರು ನೋಡಿದೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಹಗ್ಗ ಹಿಡಿದು ಎಳೆಯೋ ಸಾವಿರಾರು ಜನ ಒಂದು ಕಡೆ, ಗಾಲಿ ಕೆಳಗೆ ಮರದ ತುಂಡು ಕೊಡೋ ನಾಲ್ಕೈದು ಜನ ಇನ್ನೊಂದು ಕಡೆ, ತೇರನ್ನ ಚೆಕ್ ಮಾಡೋರು ಅವ್ರು.

ಕರ್ಬ್ ಅಂದ್ರೆ ಕುದುರೆ ಗದ್ದದ ಕೆಳಗೆ ಬರೋ ಪಟ್ಟಿ, ನಮ್ಮ ಕಡಿವಾಣದ ಸಂಬಂಧಿಕ. ಖರ್ಚಿಗೆ ಕಡಿವಾಣ, ಅಕ್ರಮ ಮರಳಿಗೆ ಕಡಿವಾಣ ಅಂತ ನಮ್ಮ ಪೇಪರೋರು ಬರೀತಾರಲ್ಲ, ಅಲ್ಲೆಲ್ಲ ಕಣ್ಣು ಮುಚ್ಕೊಂಡು ಕರ್ಬ್ ಹಾಕ್ಬಹುದು. ಮನುಷ್ಯರನ್ನ ಕರ್ಬ್ ಮಾಡಲ್ಲ, ಚಟ ಖರ್ಚು ಅಕ್ರಮ ಇಂಥವನ್ನ ಮಾಡ್ತೀವಿ. ರೇನ್ ಇನ್ ಕೂಡ ಲಗಾಮೇ, ಮಳೆ ರೇನೂ ಅಲ್ಲ ಆಳ್ವಿಕೆ ರೇನೂ ಅಲ್ಲ, ಸ್ಪೆಲ್ಲಿಂಗ್ ನಡುವೆ ಜಿ ತೂರಿಸಿ ಎಷ್ಟೋ ಓದಿದೋರೂ ಎಡವ್ತಾರೆ. ರಿಸ್ಟ್ರೇನ್ ಅಂದ್ರೆ ಮೈ ಮುಟ್ಟಿ ಹಿಡಿಯೋದು, ಜಗಳದಲ್ಲಿ ಅಣ್ಣನ್ನ ಹಿಂದಿಂದ ತಬ್ಬಿ ಹಿಡ್ಕೊಂಡ್ರಂತೆ ಅಂತೀವಲ್ಲ ಅದು.

ಕಂಟೇನ್ ಬೇರೆ. ಬೇಸಿಗೇಲಿ ಜೋಗಿಮಟ್ಟಿ ಕಾಡಿಗೆ ಬೆಂಕಿ ಬಿದ್ರೆ ಫಾರೆಸ್ಟಿನೋರು ಸುತ್ತ ಬೆಂಕಿರೇಖೆ ಕಡಿದು ಆಚೆ ಹಬ್ಬದಂಗೆ ಮಾಡ್ತಾರಲ್ಲ, ಅಷ್ಟಾದ್ರೆ ಬೆಂಕಿ ಕಂಟೇನ್ ಆಯ್ತು, ಒಳಗೆ ಇನ್ನೂ ಉರೀತಿರಬಹುದು. ಗೆರೆ ದಾಟಿ ಹೋಗೋ ಭಯವೇ ಇಲ್ಲ ಅನ್ನೋ ಹಂತ ಕಂಟ್ರೋಲ್. ಇಲ್ಲಿ ನಮ್ಮ ಹದ್ದುಬಸ್ತು ಅಕ್ಷರಶಃ ಕೂತ್ಕೊಳ್ಳುತ್ತೆ, ಕಂಟೇನ್ ಅಂದ್ರೆ ಹದ್ದು ಕಟ್ಟೋದು.

ಗವರ್ನ್ ಬಗ್ಗೆ ಜಾಸ್ತಿ ಬೇಡ, ನಾವು ಮಾತಾಡೋವಾಗ ಅದರ ಅವಶ್ಯಕತೆ ಬರೋದೇ ಅಪರೂಪ. ಹಡಗಿನ ಚುಕ್ಕಾಣಿ ಹಿಡಿಯೋ ಗ್ರೀಕ್ ಪದದಿಂದ ಬಂದಿದ್ದು. ರಾಜ್ಯಪಾಲರೂ ಗವರ್ನರೇ, ಲಾರಿಗೆ 80ರ ಮೇಲೆ ಹೋಗದಂಗೆ ಕೂರಿಸೋ ಡಬ್ಬೀನೂ ಗವರ್ನರೇ, 1788ರಲ್ಲಿ ಜೇಮ್ಸ್ ವಾಟ್ ಉಗಿ ಇಂಜಿನ್ನಿಗೆ ಹಾಕಿದ ತಿರುಗೋ ಗುಂಡುಗಳ ಸಾಧನಕ್ಕೂ ಅದೇ ಹೆಸರು. ಡಾಮಿನೇಟ್ ಅಂತೂ ಯಜಮಾನಿಕೆ, ನಿಮ್ಮ ಬಗ್ಗೆ ನೀವೇ ಹೇಳ್ಕೊಳ್ಳೋ ಪದ ಅಲ್ಲ, ರೆಸ್ಯೂಮಿಗಂತೂ ಬೇಡವೇ ಬೇಡ.

ರೆಸ್ಯೂಮ್ ಅಂದ್ರೆ, ಈಗ ಕ್ಲಾಸಿಗೆ ಬರೋರಿಗೆ ನನ್ನ ಆ 12 ಟೈಲರುಗಳ ವಾಕ್ಯಾನೇ ಕೊಟ್ಟು ಸರಿ ಮಾಡ್ರಿ ಅಂತೀನಿ. ಮೊನ್ನೆ ಒಬ್ಬ ಹುಡುಗ, ಟೈಲರುಗಳನ್ನ ಮ್ಯಾನೇಜ್ಡ್, ಬಟ್ಟೆ ವೇಸ್ಟೇಜನ್ನ ಕಂಟ್ರೋಲ್ಡ್, ಗಿರಾಕಿ ಕಂಪ್ಲೇಂಟನ್ನ ಹ್ಯಾಂಡಲ್ಡ್ ಅಂತ ಮೂರನ್ನೂ ಒಂದೇ ಸಾಲಲ್ಲಿ ಕೂರಿಸಿ ತೋರಿಸಿದ. ನನಗೆ ಆ ದಿನ ಇವನು ಪಕ್ಕದಲ್ಲಿ ಇರಬಾರದಿತ್ತಾ ಅನ್ಸಿತು.

ಒಂದೇ ಒಂದು ಬಾಕಿ, ಬರೆಯೋವಾಗ ಎಲ್ ಎಷ್ಟು ಅನ್ನೋದು. ಕಂಟ್ರೋಲ್ ಅಂತ ಒಂದು ಎಲ್, ಇಡಿ ಅಥವಾ ಐಎನ್‌ಜಿ ಸೇರಿದ್ರೆ ಎರಡು ಎಲ್, ಯಾಕಂದ್ರೆ ಒತ್ತು ಬೀಳೋದು ಟ್ರೋಲ್ ಅನ್ನೋ ಕೊನೇ ಭಾಗದ ಮೇಲೆ, ಹಂಗಾಗಿ ಇಂಗ್ಲೆಂಡಾದ್ರೂ ಅಮೆರಿಕಾದ್ರೂ ಎರಡೇ. ಟ್ರಾವೆಲ್‌ಗೆ ಒತ್ತು ಮುಂದೆ ಬೀಳುತ್ತೆ, ಅದಕ್ಕೆ ಅಮೆರಿಕದೋರು ಒಂದೇ ಎಲ್ಲಿಗೆ ನಿಲ್ಲಿಸ್ತಾರೆ, ಇಂಗ್ಲೆಂಡಿನೋರು ಎರಡು ಹಾಕ್ತಾರೆ. ಇದನ್ನ ಬೋರ್ಡ್ ಮೇಲೆ ಬರೆದು ಬರೆದು ಹೇಳ್ಕೊಡೋ ನಾನೇ ಹೋದ ವರ್ಷ ಕ್ಲಾಸಿಂದು 500 ಪಾಂಪ್ಲೆಟ್ ಹೊಡೆಸಿದೆ, ಮೇಲೆ ದಪ್ಪಕ್ಷರದಲ್ಲಿ ಕಂಟ್ರೋಲಿಂಗ್ ಯುವರ್ ಫಿಯರ್ ಅಂತ, ಒಂದೇ ಎಲ್. ಪ್ರೂಫ್ ನೋಡಿ ಸೈನ್ ಹಾಕಿದ್ದೂ ನಾನೇ. ಸುಮಾರು ನೂರು ಹಂಚಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳು ಸಾರ್ ಇಲ್ಲೊಂದು ಬಿಟ್ಟೋಗೈತೆ ಅಂತ ಬೆರಳಿಟ್ಟು ತೋರಿಸಿದ್ಲು. ಉಳಿದಿದ್ದನ್ನ ನಮ್ಮ ಬೀದಿ ಮಂಡಕ್ಕಿ ಮಿರ್ಚಿ ಅಂಗಡಿ ಅಣ್ಣನಿಗೆ ಕೊಟ್ಟೆ, ಮಿರ್ಚಿ ಎಣ್ಣೆ ಹೀರೋಕೆ ಪೇಪರ್ ಚೆನ್ನಾಗೈತೆ ಅಂದ.